'ದ್ಯಾನ್' ಆದಮೇಲೆ ಯಾವ ಟೆನ್ಸ್ ಬರಬೇಕು? ಹೋಂಸ್ಟೇ ಹಾಳೆಯ ಐದು ವಾಕ್ಯ ನೋಡಿ ಹೇಳಿ

ಘಟ್ಟದಂಚು

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿ ನಮ್ಮ ಚಿಕ್ಕಪ್ಪನ ಮನೆಯವರು ಸಣ್ಣದೊಂದು ಹೋಂಸ್ಟೇ ನಡೆಸುತ್ತಾರೆ. ಬರುವವರಲ್ಲಿ ಬೆಂಗಳೂರಿನವರು ಜಾಸ್ತಿ, ಕನ್ನಡ ಬಾರದವರೂ ಇರುತ್ತಾರೆ. ಅವರಿಗಾಗಿ ಸುತ್ತಮುತ್ತಲಿನ ಜಾಗಗಳ ಬಗ್ಗೆ ಇಂಗ್ಲಿಷಿನಲ್ಲಿ ಒಂದು ಪುಟ ಬರೆದುಕೊಡು ಅಂದರು, ಬರೆದೆ. ಆದರೆ ಒಂದನ್ನು ಇನ್ನೊಂದಕ್ಕೆ ಹೋಲಿಸುವ ವಾಕ್ಯಗಳ ಹತ್ತಿರ ಬಂದಾಗ ಮನೆಯಲ್ಲೇ ಎರಡು ಪಕ್ಷ ಆಗಿದೆ.

ವಾಕ್ಯಗಳು ಇವು. ಮೊದಲನೆಯದು, 'ದಿ ರೇನ್‌ಫಾಲ್ ಇನ್ ಆಗುಂಬೆ ಈಸ್ ಮಚ್ ಹೈಯರ್ ದ್ಯಾನ್ ಶಿವಮೊಗ್ಗ.' ಎರಡನೆಯದು, 'ಆಗುಂಬೆ ಗೆಟ್ಸ್ ಮೋರ್ ರೇನ್ ದ್ಯಾನ್ ಎನಿ ಪ್ಲೇಸ್ ಇನ್ ದಿ ಡಿಸ್ಟ್ರಿಕ್ಟ್.' ಮೂರನೆಯದು, 'ಲೆಸ್ ವಾಟರ್ ಫಾಲ್ಸ್ ಅಟ್ ಜೋಗ್ ನೌ ದ್ಯಾನ್ ಇಟ್ ಫೆಲ್ ಬಿಫೋರ್ ದಿ ಡ್ಯಾಮ್.' ನಾಲ್ಕು, 'ಟು ಕ್ಲೈಂಬ್ ಕೊಡಚಾದ್ರಿ ಆನ್ ಫೂಟ್ ಈಸ್ ಬೆಟರ್ ದ್ಯಾನ್ ಗೋಯಿಂಗ್ ಬೈ ಜೀಪ್.' ಐದು, 'ಜೋಗ್ ಲುಕ್ಸ್ ಬೆಟರ್ ಇನ್ ಆಗಸ್ಟ್ ದ್ಯಾನ್ ಇಟ್ ಡಿಡ್ ಇನ್ ಮಾರ್ಚ್.'

ಇದನ್ನು ಓದಿದ ಒಬ್ಬರು, ಒಂದೇ ವಾಕ್ಯದಲ್ಲಿ ಎರಡು ಟೆನ್ಸ್ ಬರಲೇಬಾರದು, ಮೂರು ಮತ್ತು ಐದನ್ನು ಪೂರ್ತಿ ಪ್ರೆಸೆಂಟ್‌ಗೆ ಬದಲಾಯಿಸು ಅಂತ ಹಟ ಹಿಡಿದಿದ್ದಾರೆ. ಇನ್ನೊಬ್ಬರು 'ದ್ಯಾನ್' ಆದಮೇಲೆ ವರ್ಬೇ ಬೇಡ, ಬರೀ ಹೆಸರು ಹಾಕಿದರೆ ಸಾಕು ಅನ್ನುತ್ತಾರೆ. ಯಾರ ಮಾತು ಸರಿ? ಬರೀ ಉತ್ತರ ಬೇಡ, ಕಾರಣ ಗೊತ್ತಾಗಬೇಕು. ಮುಂದಿನ ಹಾಳೆಯನ್ನೂ ನಾನೇ ಬರೆಯಬೇಕಲ್ಲ.

ಶರಾವತಿ ತೀರ

ಎರಡು ಟೆನ್ಸ್ ಬರಬಾರದು ಅನ್ನುವ ನಿಯಮ ಇಂಗ್ಲಿಷಿನಲ್ಲಿ ಇಲ್ಲವೇ ಇಲ್ಲ. ಈ ಮಾತು ಎಲ್ಲ ಕಡೆ ಓಡಾಡುತ್ತದೆ, ಯಾರೋ ಯಾರಿಗೋ ಹೇಳಿಕೊಟ್ಟಿದ್ದು. ಒಂದು ಕಥೆಯನ್ನು ಭೂತಕಾಲದಲ್ಲಿ ಶುರು ಮಾಡಿ ಕಾರಣವಿಲ್ಲದೆ ವರ್ತಮಾನಕ್ಕೆ ಜಿಗಿಯಬೇಡಿ ಅನ್ನುವುದು ಒಳ್ಳೆಯ ಬುದ್ಧಿಮಾತೇ. ಅದನ್ನೇ ಹಿಗ್ಗಿಸಿ ಎಲ್ಲ ವಾಕ್ಯಕ್ಕೂ ಹಾಕಿಬಿಟ್ಟರೆ ಹೋಲಿಕೆ ಮಾಡುವುದೇ ಆಗುವುದಿಲ್ಲ. ಈಗಿನದನ್ನು ಹಿಂದಿನದಕ್ಕೆ ಹೋಲಿಸುವಾಗ ಕಾಲ ಎರಡು ಇದ್ದೇ ಇರುತ್ತದೆ, ಅಲ್ವಾ? ಈ ಉದಾಹರಣೆ ನೋಡಿ: 'ಇಟ್ ಹ್ಯಾಸ್ ರೇನ್ಡ್ ಮೋರ್ ದಿಸ್ ಜೂನ್ ದ್ಯಾನ್ ಇಟ್ ಡಿಡ್ ಲಾಸ್ಟ್ ಜೂನ್.' ಮೊದಲರ್ಧ ಈ ಜೂನ್, ತಿಂಗಳು ಇನ್ನೂ ಮುಗಿದಿಲ್ಲ, ಹಾಗಾಗಿ 'ಹ್ಯಾಸ್ ರೇನ್ಡ್'. ಎರಡನೆಯ ಅರ್ಧ ಹೋದ ಜೂನ್, ಅದು ಮುಗಿದ ಮಾತು, ಅಲ್ಲಿ 'ಡಿಡ್' ಬಿಟ್ಟು ಬೇರೆ ದಾರಿಯಿಲ್ಲ. ಟೆನ್ಸ್ ಒಂದೇ ಇರಲಿ ಅಂತ 'ದ್ಯಾನ್ ಇಟ್ ಹ್ಯಾಸ್ ಲಾಸ್ಟ್ ಜೂನ್' ಅಂತ ಬರೆದರೆ ಅದೇ ತಪ್ಪಾಗುತ್ತದೆ.

ಈಗ ಕಾರಣಕ್ಕೆ ಬರೋಣ. ಕನ್ನಡದಲ್ಲಿ ನಾವು 'ಹೋದ ವರ್ಷಕ್ಕಿಂತ ಈ ವರ್ಷ ಮಳೆ ಜಾಸ್ತಿ' ಅಂತೀವಿ. ವರ್ಷ ಅನ್ನುವ ಹೆಸರಿಗೆ 'ಗಿಂತ' ಅಂಟಿಸಿದರೆ ಕೆಲಸ ಮುಗೀತು, ಆ ಕಡೆ ಕ್ರಿಯಾಪದವೇ ಬೇಡ, ಹಾಗಾಗಿ ಅಲ್ಲಿ ಯಾವ ಕಾಲ ಅನ್ನುವ ಪ್ರಶ್ನೆ ನಮ್ಮ ತಲೆಗೆ ಬರುವುದೇ ಇಲ್ಲ. ಇಂಗ್ಲಿಷಿನ 'ದ್ಯಾನ್' ಹಾಗಲ್ಲ. ಅದರ ಹಿಂದೆ ಸಾಮಾನ್ಯವಾಗಿ ಒಂದು ಪೂರ್ತಿ ವಾಕ್ಯ ಕೂತಿರುತ್ತದೆ, ಕರ್ತೃ, ಕ್ರಿಯಾಪದ, ಕಾಲ ಎಲ್ಲ ಸೇರಿ. ಮೊದಲ ಅರ್ಧದಲ್ಲಿ ಬಂದಿದ್ದನ್ನು ಮತ್ತೆ ಹೇಳುವುದು ಬೇಡ ಅಂತ ಕತ್ತರಿಸಿರುತ್ತಾರೆ, ಅಷ್ಟೇ. ಹಾಗಾಗಿ ನಿಮಗೆ ಅನುಮಾನ ಬಂದಾಗಲೆಲ್ಲ ಆ ಎರಡನೆಯ ವಾಕ್ಯವನ್ನು ಮೊದಲು ಪೂರ್ತಿ ಬರೆದುಬಿಡಿ. ಅದಕ್ಕೆ ಅದರದೇ ಕಾಲ ಕೊಡಿ. ಆಮೇಲೆ ಕತ್ತರಿ ಹಾಕಿ.

ನಿಮ್ಮ ಐದನೆಯ ವಾಕ್ಯಕ್ಕೆ ಇದನ್ನು ಹಚ್ಚಿ ನೋಡಿ. ಜೋಗ ಆಗಸ್ಟಿನಲ್ಲಿ ಚೆಂದ ಕಾಣುತ್ತದೆ, ಮಾರ್ಚಿನಲ್ಲಿ ಅಷ್ಟು ಚೆಂದ ಕಾಣುವುದಿಲ್ಲ. ಇದು ಪ್ರತಿ ವರ್ಷದ ಕಥೆ. ಹಾಗಾಗಿ ಎರಡೂ ಕಡೆ ಪ್ರೆಸೆಂಟ್: 'ಜೋಗ್ ಲುಕ್ಸ್ ಬೆಟರ್ ಇನ್ ಆಗಸ್ಟ್ ದ್ಯಾನ್ ಇಟ್ ಡಸ್ ಇನ್ ಮಾರ್ಚ್.' ಇಲ್ಲಿ ಪ್ರೆಸೆಂಟ್ ಬಂದಿದ್ದು ಎರಡು ಟೆನ್ಸ್ ಕೂಡದು ಅಂತಲ್ಲ, ಎರಡೂ ಕಡೆ ರೂಢಿಯ ಮಾತು ಇದೆ ಅಂತ. ಅದೇ ಒಬ್ಬ ಅತಿಥಿ ಹೋದ ಮಾರ್ಚಿನಲ್ಲಿ ಬಂದು, ಈಗ ಆಗಸ್ಟಿನಲ್ಲಿ ಮತ್ತೆ ಬಂದು ಜೋಗದ ಎದುರು ನಿಂತು 'ಇಟ್ ಲುಕ್ಸ್ ಬೆಟರ್ ನೌ ದ್ಯಾನ್ ಇಟ್ ಡಿಡ್ ಇನ್ ಮಾರ್ಚ್' ಅಂದರೆ ಅದು ನೂರಕ್ಕೆ ನೂರು ಸರಿ. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ ಇವೆ. ಯಾವ ಮಾರ್ಚ್ ಅನ್ನುವುದರ ಮೇಲೆ ಟೆನ್ಸ್ ನಿಂತಿದೆ.

ವರ್ಬೇ ಬೇಡ ಅಂದವರ ಮಾತಿನಲ್ಲೂ ಅರ್ಧ ಸತ್ಯ ಇದೆ. ಕಾಲ ಎರಡೂ ಕಡೆ ಒಂದೇ ಆಗಿದ್ದು, ಅರ್ಥ ಗೊಂದಲವಾಗದಿದ್ದರೆ ಬಿಡಬಹುದು. 'ಜೋಗ್ ಲುಕ್ಸ್ ಬೆಟರ್ ಇನ್ ಆಗಸ್ಟ್ ದ್ಯಾನ್ ಇನ್ ಮಾರ್ಚ್' ಕೂಡ ಸರಿ, ಇನ್ನೂ ಹಗುರ. ಅದರಲ್ಲಿ ಎರಡನೆಯ 'ಇನ್' ಮಾತ್ರ ಬಿಡಬೇಡಿ. ಆ ಕಡೆ 'ಇನ್ ಆಗಸ್ಟ್' ಇದ್ದರೆ ಈ ಕಡೆ 'ಇನ್ ಮಾರ್ಚ್' ಇರಲಿ.

ಹೊಸನಗರದವನು

ಎರಡನೆಯ ವಾಕ್ಯದ ಬಗ್ಗೆ ನಾನು ಹೇಳಲೇಬೇಕು. ವ್ಯಾಕರಣದ ಲೆಕ್ಕದಲ್ಲಿ ಅಲ್ಲಿ 'ಎನಿ ಅದರ್ ಪ್ಲೇಸ್' ಆಗಬೇಕು. ಆಗುಂಬೆಯೂ ಇದೇ ಜಿಲ್ಲೆಯ ಊರು ತಾನೇ? 'ಎನಿ ಪ್ಲೇಸ್' ಅಂದರೆ ಅದರೊಳಗೆ ಆಗುಂಬೆಯೂ ಸೇರಿತು, ಆಗುಂಬೆಯಲ್ಲಿ ಆಗುಂಬೆಗಿಂತ ಜಾಸ್ತಿ ಮಳೆ ಅಂದ ಹಾಗಾಯಿತು. ಹೋಲಿಸುವ ವಸ್ತು ಅದೇ ಗುಂಪಿನೊಳಗೆ ಇದ್ದರೆ 'ಅದರ್' ಬೇಕೇ ಬೇಕು. ಗುಂಪಿನ ಹೊರಗಿದ್ದರೆ ಬೇಡ. 'ಆಗುಂಬೆ ಗೆಟ್ಸ್ ಮೋರ್ ರೇನ್ ದ್ಯಾನ್ ಎನಿ ಪ್ಲೇಸ್ ಇನ್ ಬಳ್ಳಾರಿ ಡಿಸ್ಟ್ರಿಕ್ಟ್' ಅಂತ ಹಾಗೇ ಬರೆಯಬಹುದು, ಯಾಕಂದರೆ ಆಗುಂಬೆ ಬಳ್ಳಾರಿ ಜಿಲ್ಲೆಯಲ್ಲಿ ಇಲ್ಲ.

ಆದರೆ ವ್ಯಾಕರಣ ಸರಿ ಮಾಡಿದರೂ ಆ ವಾಕ್ಯ ನಿಜ ಆಗುವುದಿಲ್ಲ! ನಮ್ಮ ಹೊಸನಗರ ತಾಲ್ಲೂಕಿನ ಹುಲಿಕಲ್ ಮರೆತುಬಿಟ್ಟಿರಿ. ಎಷ್ಟೋ ವರ್ಷ ಹುಲಿಕಲ್‌ನ ಮಳೆ ಆಗುಂಬೆಯನ್ನು ದಾಟಿದೆ. ಆಗುಂಬೆಗೆ ದಕ್ಷಿಣದ ಚಿರಾಪುಂಜಿ ಅಂತ ಹೆಸರು ಬಂದು ಕೂತಿರುವುದರಿಂದ ಎಲ್ಲರೂ ಅದನ್ನೇ ಬರೆಯುತ್ತಾರೆ. ನೀವಾದರೂ 'ದ್ಯಾನ್ ಮೋಸ್ಟ್ ಅದರ್ ಪ್ಲೇಸಸ್ ಇನ್ ದಿ ಡಿಸ್ಟ್ರಿಕ್ಟ್' ಅಂತ ಹಾಕಿ. ವ್ಯಾಕರಣಕ್ಕೂ ಸರಿ, ಹುಲಿಕಲ್ಲಿಗೂ ನ್ಯಾಯ.

ಗಾಂಧಿಬಜಾರ್

ಮೊದಲನೆಯ ವಾಕ್ಯವನ್ನು ಯಾರೂ ಮುಟ್ಟಿಲ್ಲ. ಅಲ್ಲಿ ಟೆನ್ಸ್ ಸರಿ ಇದೆ, ತೊಂದರೆ ಇರುವುದು ಹೋಲಿಕೆಯಲ್ಲೇ. ಈ ಕಡೆ ಇರುವುದು ಮಳೆ, ಆ ಕಡೆ ಇರುವುದು ಊರು. ಮಳೆಯನ್ನು ಊರಿಗೆ ಹೋಲಿಸಿದ ಹಾಗಾಯಿತು. ಮಳೆಯನ್ನು ಮಳೆಗೇ ಹೋಲಿಸಬೇಕು: 'ದಿ ರೇನ್‌ಫಾಲ್ ಇನ್ ಆಗುಂಬೆ ಈಸ್ ಮಚ್ ಹೈಯರ್ ದ್ಯಾನ್ ದ್ಯಾಟ್ ಇನ್ ಶಿವಮೊಗ್ಗ.' ಬಹುವಚನ ಆದರೆ 'ದ್ಯಾಟ್' ಬದಲು 'ದೋಸ್'. 'ದಿ ರೋಡ್ಸ್ ಇನ್ ದಿ ಘಾಟ್ ಆರ್ ನ್ಯಾರೋವರ್ ದ್ಯಾನ್ ದೋಸ್ ಇನ್ ದಿ ಟೌನ್.' ಕನ್ನಡದಲ್ಲೂ ನಾವು ಬೇಕಾದಾಗ ಹೀಗೇ ಮಾಡುತ್ತೇವೆ, 'ನಮ್ಮ ತೋಟ ಅವರದ್ದಕ್ಕಿಂತ ದೊಡ್ಡದು' ಅಂತೀವಲ್ಲ, ಆ 'ಅವರದ್ದು' ಮಾಡುವ ಕೆಲಸವನ್ನೇ 'ದ್ಯಾಟ್' ಮಾಡುವುದು.

ನಿಜ ಹೇಳಬೇಕೆಂದರೆ ನಿಮ್ಮ ಹಾಳೆಗೆ ಇದು ಬೇಡ. 'ದ್ಯಾಟ್ ಇನ್' ಅನ್ನುವುದು ವರದಿಯ ಭಾಷೆ. ಮಳೆ ನೋಡೋಕೆ ಬಂದವರು ಕಾಫಿ ಕುಡಿಯುತ್ತಾ ಓದುವ ಪುಟಕ್ಕೆ ಅದು ಬಿಗಿ ಆಗುತ್ತದೆ. ಊರನ್ನೇ ಕರ್ತೃ ಮಾಡಿಬಿಡಿ: 'ಆಗುಂಬೆ ಗೆಟ್ಸ್ ಮಚ್ ಮೋರ್ ರೇನ್ ದ್ಯಾನ್ ಶಿವಮೊಗ್ಗ.' ಈ ಕಡೆ ಊರು, ಆ ಕಡೆಯೂ ಊರು. ವರ್ಬ್ ಬೇಕೆನಿಸಿದರೆ ಕೊನೆಯಲ್ಲಿ 'ಡಸ್' ಸೇರಿಸಿ. ಅಲ್ಲಿ 'ಈಸ್' ಮಾತ್ರ ಹಾಕಬೇಡಿ. ಮೊದಲ ಅರ್ಧದಲ್ಲಿ 'ಗೆಟ್ಸ್', 'ಟೇಕ್ಸ್', 'ಲುಕ್ಸ್' ಥರದ್ದು ಇದ್ದರೆ ಎರಡನೆಯದಕ್ಕೆ 'ಡಸ್' ಅಥವಾ 'ಡಿಡ್'. ಮೊದಲರ್ಧದಲ್ಲಿ 'ಈಸ್' ಇದ್ದರೆ ಎರಡನೆಯದಕ್ಕೂ 'ಈಸ್' ಅಥವಾ 'ವಾಸ್'. ಜನ ಟೆನ್ಸ್ ಸರಿ ಹಾಕಿ ಇಲ್ಲಿ ಎಡವುತ್ತಾರೆ.

ಆಗುಂಬೆಯ ವರ್ಷದ ಸರಾಸರಿ ಮಳೆ 7,000 ಮಿಲಿಮೀಟರ್ ದಾಟುತ್ತದೆ. ಅದನ್ನೂ ಹಾಕಿ, ಅತಿಥಿಗಳಿಗೆ ಕೊಡೆ ಸಾಲದು ಅಂತ ಗೊತ್ತಾಗಲಿ. ಇಷ್ಟು ಪಟ್ಟು ಅಂತ ಬರೆಯುವುದಾದರೆ 'ಟೈಮ್ಸ್ ಆ್ಯಸ್ ಮಚ್ ರೇನ್ ಆ್ಯಸ್' ಅಂತ ಬರೆಯಿರಿ, ಅದು ಸ್ಪಷ್ಟ. 'ಟೈಮ್ಸ್ ಮೋರ್ ದ್ಯಾನ್' ಅಂದರೆ ಕೆಲವರು ಬೇರೆ ಲೆಕ್ಕ ಹಾಕುತ್ತಾರೆ.

ಘಟ್ಟದಂಚು

ತುಂಬಾ ಉಪಕಾರ ಆಯಿತು. ಹುಲಿಕಲ್ ವಿಷಯ ಚಿಕ್ಕಪ್ಪನಿಗೆ ಓದಿ ಹೇಳಿದೆ, ಅವರು ಬಿಲ್ಕುಲ್ ಒಪ್ಪುತ್ತಿಲ್ಲ, ಆದರೂ 'ಮೋಸ್ಟ್ ಅದರ್' ಅಂತಲೇ ಬರೆಯುತ್ತೇನೆ.

ಮೂರನೆಯ ವಾಕ್ಯ ಇನ್ನೂ ಉಳಿದಿದೆ. ಶರಾವತಿ ತೀರದವರು ಹೇಳಿದ ಹಾಗೆ ಅಲ್ಲಿ ಕಾಲ ನಿಜವಾಗಲೂ ಎರಡು, ಈಗ ಮತ್ತು ಅಣೆಕಟ್ಟಿಗೆ ಮುಂಚೆ. ಹಾಗಾದರೆ 'ದ್ಯಾನ್ ಇಟ್ ಫೆಲ್' ಸರಿ ತಾನೇ? ಮತ್ತೆ ಕೊಡಚಾದ್ರಿ ವಾಕ್ಯದಲ್ಲಿ 'ಟು ಕ್ಲೈಂಬ್' ಸರಿಯಾ, 'ಕ್ಲೈಂಬಿಂಗ್' ಆಗಬೇಕಾ ಅಂತಲೂ ಹೇಳಿ. ಎರಡಕ್ಕೂ ಅರ್ಥ ಒಂದೇ ಬರುತ್ತಲ್ಲ?

ಕಾನುಮನೆ

ಕೊಡಚಾದ್ರಿ ನನಗೆ ಬಿಡಿ. ಅರ್ಥ ಬರುತ್ತದೆ, ಅದಕ್ಕೆ ಯಾರೂ ಇಲ್ಲ ಅನ್ನುವುದಿಲ್ಲ. ಆದರೆ ತಕ್ಕಡಿಯ ಎರಡು ತಟ್ಟೆಯಲ್ಲಿ ಒಂದೇ ಜಾತಿಯ ಬಟ್ಟು ಇಟ್ಟ ಹಾಗೆ, ಹೋಲಿಕೆಯ ಎರಡು ಬದಿಯಲ್ಲೂ ಪದದ ರೂಪ ಒಂದೇ ಇರಬೇಕು. ಈ ಕಡೆ 'ಗೋಯಿಂಗ್' ಇದ್ದರೆ ಆ ಕಡೆ 'ಕ್ಲೈಂಬಿಂಗ್'. 'ಕ್ಲೈಂಬಿಂಗ್ ಕೊಡಚಾದ್ರಿ ಆನ್ ಫೂಟ್ ಈಸ್ ಬೆಟರ್ ದ್ಯಾನ್ ಗೋಯಿಂಗ್ ಅಪ್ ಬೈ ಜೀಪ್.' ಅಥವಾ 'ಇಟ್ ಈಸ್ ಬೆಟರ್ ಟು ಕ್ಲೈಂಬ್ ಕೊಡಚಾದ್ರಿ ಆನ್ ಫೂಟ್ ದ್ಯಾನ್ ಟು ಗೋ ಅಪ್ ಬೈ ಜೀಪ್.' ಎರಡರಲ್ಲಿ ಯಾವುದಾದರೂ ಸರಿ, ಬೆರೆಸಬಾರದು.

ನಮ್ಮವರಿಗೆ ಇದು ಕಷ್ಟ ಆಗಬಾರದು, ಯಾಕಂದರೆ ಕನ್ನಡ ಇದನ್ನು ತಾನಾಗಿಯೇ ಮಾಡುತ್ತದೆ. 'ಅಡಿಕೆ ಬೆಳೆಯುವುದಕ್ಕಿಂತ ಮಾರುವುದು ಕಷ್ಟ.' ಬೆಳೆಯುವುದು, ಮಾರುವುದು, ಎರಡೂ ಒಂದೇ ಅಚ್ಚು. ಇಲ್ಲಿ ಒಂದು ಕಡೆ 'ಬೆಳೆಯಲು' ಇನ್ನೊಂದು ಕಡೆ 'ಮಾರುವುದು' ಅಂತ ಯಾರಾದರೂ ಅನ್ನುತ್ತಾರಾ? ಕಿವಿಗೇ ಒಗ್ಗುವುದಿಲ್ಲ. ಇಂಗ್ಲಿಷಿನವರ ಕಿವಿಗೆ 'ಟು ಕ್ಲೈಂಬ್ ... ದ್ಯಾನ್ ಗೋಯಿಂಗ್' ಹಾಗೇ ಕೇಳುತ್ತದೆ.

ಇದರ ಜೊತೆಗೇ 'ಪ್ರಿಫರ್' ಕೂಡ ಹೇಳಿಬಿಡುತ್ತೇನೆ, ಹೋಂಸ್ಟೇ ಹಾಳೆಯಲ್ಲಿ ಅದು ಬಂದೇ ಬರುತ್ತದೆ. ಹೆಸರನ್ನು ಅಥವಾ '-ಇಂಗ್' ರೂಪವನ್ನು ಹೋಲಿಸುವಾಗ 'ಪ್ರಿಫರ್' ಮುಂದೆ 'ದ್ಯಾನ್' ಹಾಕಬೇಡಿ, 'ಟು' ಹಾಕಿ: 'ಮೆನಿ ಗೆಸ್ಟ್ಸ್ ಪ್ರಿಫರ್ ವಾಕಿಂಗ್ ಟು ರೈಡಿಂಗ್ ಇನ್ ಎ ಜೀಪ್.' 'ಸೀನಿಯರ್', 'ಜೂನಿಯರ್', 'ಸುಪೀರಿಯರ್' ಮುಂದೆಯೂ 'ಟು' ಅಂತಲೇ. ಇನ್ನೊಂದು, 'ಮೋರ್ ರೇನ್ ಕಂಪೇರ್ಡ್ ಟು ಶಿವಮೊಗ್ಗ' ಅಂತ ಈಗ ಎಲ್ಲರೂ ಬರೆಯುತ್ತಾರೆ. 'ಶಿವಮೊಗ್ಗಕ್ಕೆ ಹೋಲಿಸಿದರೆ' ಅಂತ ಕನ್ನಡದಲ್ಲಿ ಯೋಚಿಸಿ ಹಾಗೇ ಇಳಿಸುವುದು. 'ಮೋರ್' ಬಂದಮೇಲೆ ಅದರ ಜೋಡಿ 'ದ್ಯಾನ್', ಅದನ್ನೇ ಕೊಡಿ.

ಶರಾವತಿ ತೀರ

ಮೂರನೆಯ ವಾಕ್ಯ ನಮ್ಮ ಕಡೆಯದ್ದು, ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಟೆನ್ಸ್ ಸರಿ ಇದೆ. 'ಫಾಲ್ಸ್' ಈಗಿನದು, 'ಫೆಲ್' ಆಗಿನದು. ತೊಂದರೆ ಕೊಡುತ್ತಿರುವುದು ನಡುವಿನ 'ಇಟ್'. ಇಲ್ಲಿ ನೀವು ಹೋಲಿಸುತ್ತಿರುವುದು ಎಷ್ಟು ನೀರು ಅನ್ನುವುದನ್ನು. ಆ ಪ್ರಮಾಣವೇ ವಾಕ್ಯದ ಕರ್ತೃ, 'ಲೆಸ್ ವಾಟರ್'. ಎರಡನೆಯ ಅರ್ಧದಲ್ಲಿ ಆ ಜಾಗದಲ್ಲಿ 'ದ್ಯಾನ್' ಕೂತಾಗಿದೆ, ಮತ್ತೆ 'ಇಟ್' ತಂದು ಕೂರಿಸಲು ಜಾಗವಿಲ್ಲ. 'ಲೆಸ್ ವಾಟರ್ ಫಾಲ್ಸ್ ಅಟ್ ಜೋಗ್ ನೌ ದ್ಯಾನ್ ಫೆಲ್ ದೇರ್ ಬಿಫೋರ್' ಅಂತ ಬರೆಯಬೇಕಾಗುತ್ತದೆ. ಸರಿ ಇದೆ, ಆದರೆ ಓದುವವರು ಒಂದು ಕ್ಷಣ ನಿಲ್ಲುತ್ತಾರೆ. ಅದೇ 'ಇಟ್ ರೇನ್ಸ್ ಲೆಸ್ ನೌ ದ್ಯಾನ್ ಇಟ್ ಡಿಡ್ ಬಿಫೋರ್' ಅನ್ನುವಾಗ 'ಇಟ್' ಬೇಕು, ಯಾಕಂದರೆ ಅಲ್ಲಿ ಎರಡೂ ಕಡೆ ಕರ್ತೃ 'ಇಟ್' ಆಗಿದೆ. ನಿಮ್ಮ ವಾಕ್ಯಕ್ಕೆ ಹಗುರವಾದ ದಾರಿ ಇದು: 'ದೇರ್ ಈಸ್ ಲೆಸ್ ವಾಟರ್ ಅಟ್ ಜೋಗ್ ನೌ ದ್ಯಾನ್ ದೇರ್ ವಾಸ್ ಬಿಫೋರ್ ದಿ ಡ್ಯಾಮ್ಸ್ ವರ್ ಬಿಲ್ಟ್.' 'ದೇರ್ ಈಸ್' ಎದುರಿಗೆ 'ದೇರ್ ವಾಸ್'. ಈಗ ಮತ್ತು ಆಗ ಎದುರುಬದುರು ನಿಂತವು.

ಇದೇ ಥರ 'ಬೆಟರ್ ದ್ಯಾನ್ ವಾಟ್ ಐ ಥಾಟ್' ಅನ್ನುವುದು. ನಮ್ಮ 'ಅಂದುಕೊಂಡಿದ್ದಕ್ಕಿಂತ' ಒಳಗಿನ 'ದ್ದು' ಅಲ್ಲಿ 'ವಾಟ್' ಆಗಿ ಇಳಿದುಬಿಡುತ್ತದೆ. ಅದು ಬೇಡ. 'ಬೆಟರ್ ದ್ಯಾನ್ ಐ ಥಾಟ್', ಅಷ್ಟೇ ಸಾಕು.

ಗಮನಿಸಿ, ನಾನು 'ಡ್ಯಾಮ್ಸ್' ಅಂತ ಬಹುವಚನ ಹಾಕಿದ್ದೇನೆ, ಸುಮ್ನೆ ಹಾಕಿದ್ದಲ್ಲ. ಎಲ್ಲರಿಗೂ ಲಿಂಗನಮಕ್ಕಿ ಒಂದೇ ನೆನಪು, ಅದು 1964ರದ್ದು. ಅದಕ್ಕೂ ಮುಂಚೆ ಮಡೇನೂರಿನ ಹತ್ತಿರ ಹಿರೇಭಾಸ್ಕರ ಅಣೆಕಟ್ಟು ಇತ್ತು, ಜೋಗದ ಮೊದಲ ವಿದ್ಯುತ್ ಕೇಂದ್ರಕ್ಕೆ ನೀರು ಹೋಗುತ್ತಿದ್ದುದು ಅಲ್ಲಿಂದ. ಲಿಂಗನಮಕ್ಕಿ ಬಂದಮೇಲೆ ಆ ಹಳೆಯ ಅಣೆಕಟ್ಟೇ ಹಿನ್ನೀರಿನಲ್ಲಿ ಮುಳುಗಿತು. ಬೇಸಿಗೆಯಲ್ಲಿ ನೀರು ತುಂಬಾ ಇಳಿದ ವರ್ಷ ಈಗಲೂ ಅದು ಎದ್ದು ಕಾಣುತ್ತದೆ. 'ಬಿಫೋರ್ ದಿ ಡ್ಯಾಮ್' ಅಂತ ಬರೆದು ಲಿಂಗನಮಕ್ಕಿಯ ಹೆಸರು ಹೇಳಿದರೆ, 1963ರವರೆಗೆ ಶರಾವತಿ ಯಾರ ತಡೆಯೂ ಇಲ್ಲದೆ ಧುಮುಕುತ್ತಿತ್ತು ಅಂದ ಹಾಗಾಗುತ್ತದೆ. ಟೆನ್ಸ್ ಎರಡು ಹಾಕಿದ ಮೇಲೆ ಆ ಎರಡು ಕಾಲ ಯಾವುವು ಅನ್ನುವುದೂ ಸರಿ ಇರಬೇಕು. ಇಲ್ಲಿ ಜಮೀನು, ಮನೆ ಬಿಟ್ಟು ಎದ್ದುಹೋದ ಜನರ ಮೊಮ್ಮಕ್ಕಳು ಇನ್ನೂ ಇದ್ದಾರೆ. ಅವರು ಓದಿದರೂ ಸರಿ ಅನ್ನಿಸಬೇಕು.

ಗಾಂಧಿಬಜಾರ್

ಇದು ಗೊತ್ತಾಗಿದ್ದು ಒಳ್ಳೆಯದಾಯಿತು. ಜೋಗದ ಎತ್ತರವನ್ನೂ ಸೇರಿಸಿ, 253 ಮೀಟರ್, ನಮ್ಮ ಹಳೆಯ ಲೆಕ್ಕದಲ್ಲಿ 830 ಅಡಿ. 'ದಿ ಹೈಟ್ ಆಫ್ ಜೋಗ್ ಈಸ್ ಮೋರ್ ದ್ಯಾನ್ ಕುತುಬ್ ಮಿನಾರ್' ಅಂತ ಮಾತ್ರ ಬರೆಯಬೇಡಿ, ಎತ್ತರವನ್ನು ಮಿನಾರಿಗೇ ಹೋಲಿಸಿದ ಹಾಗಾಗುತ್ತದೆ. 'ಜೋಗ್ ಈಸ್ ಹೈಯರ್ ದ್ಯಾನ್ ದಿ ಕುತುಬ್ ಮಿನಾರ್' ಅಂದರೆ ಮುಗೀತು.

ಘಟ್ಟದಂಚು

ಈಗ ಹೀಗೆ ಬರೆದಿದ್ದೇನೆ: 'ಆಗುಂಬೆ ಗೆಟ್ಸ್ ಮಚ್ ಮೋರ್ ರೇನ್ ದ್ಯಾನ್ ಶಿವಮೊಗ್ಗ, ಆ್ಯಂಡ್ ಮೋರ್ ದ್ಯಾನ್ ಮೋಸ್ಟ್ ಅದರ್ ಪ್ಲೇಸಸ್ ಇನ್ ದಿ ಡಿಸ್ಟ್ರಿಕ್ಟ್. ಜೋಗ್ ಲುಕ್ಸ್ ಬೆಟರ್ ಇನ್ ಆಗಸ್ಟ್ ದ್ಯಾನ್ ಇಟ್ ಡಸ್ ಇನ್ ಮಾರ್ಚ್, ದೋ ದೇರ್ ಈಸ್ ಲೆಸ್ ವಾಟರ್ ನೌ ದ್ಯಾನ್ ದೇರ್ ವಾಸ್ ಬಿಫೋರ್ ದಿ ಡ್ಯಾಮ್ಸ್ ವರ್ ಬಿಲ್ಟ್. ಕ್ಲೈಂಬಿಂಗ್ ಕೊಡಚಾದ್ರಿ ಆನ್ ಫೂಟ್ ಈಸ್ ಬೆಟರ್ ದ್ಯಾನ್ ಗೋಯಿಂಗ್ ಅಪ್ ಬೈ ಜೀಪ್.'

ಇನ್ನು ಎರಡು ಸಣ್ಣ ಅನುಮಾನ. ಮಳೆಗಾಲಕ್ಕೆ ಮುಂಚೆ ಬರುವವರಿಗೆ ಘಾಟಿ ರಸ್ತೆಯ ಬಗ್ಗೆ ಒಂದು ಎಚ್ಚರಿಕೆ ಬರೆಯಬೇಕು, ಜುಲೈನಲ್ಲಿ ಈಗಿರುವುದಕ್ಕಿಂತ ಕೆಡುತ್ತದೆ ಅಂತ. ಅಲ್ಲಿ ಫ್ಯೂಚರ್ ಬರುತ್ತದೆ. ಎರಡೂ ಕಡೆ 'ವಿಲ್' ಹಾಕಬೇಕಾ? ಮತ್ತೆ 'ಯುವರ್ ಗೈಡ್ ನೋಸ್ ದಿ ಫಾರೆಸ್ಟ್ ಬೆಟರ್ ದ್ಯಾನ್ ಮಿ' ಅಂತ ಚಿಕ್ಕಪ್ಪ ಹೇಳಿ ಬರೆಸಿದ್ದಾರೆ. ಅದು 'ದ್ಯಾನ್ ಐ' ಆಗಬೇಕು ಅಂತ ಮನೆಯಲ್ಲಿ ಮತ್ತೆ ಚರ್ಚೆ.

ಕಾನುಮನೆ

ರಸ್ತೆಗೆ: 'ದಿ ಘಾಟ್ ರೋಡ್ ವಿಲ್ ಬಿ ವರ್ಸ್ ಇನ್ ಜುಲೈ ದ್ಯಾನ್ ಇಟ್ ಈಸ್ ನೌ.' ಜುಲೈ ಮುಂದಿನದು, ಅದಕ್ಕೆ 'ವಿಲ್ ಬಿ'. ಈಗ ಅನ್ನುವುದು ಈಗಿನದು, ಅದಕ್ಕೆ 'ಈಸ್'. ಎರಡು 'ವಿಲ್' ಹಾಕಿದರೆ ಈಗಿನ ರಸ್ತೆಯೂ ಮುಂದೆ ಬರುವುದು ಅಂದ ಹಾಗಾಗುತ್ತದೆ.

'ದ್ಯಾನ್ ಮಿ' ಮಾತಿನಲ್ಲಿ ಎಲ್ಲರೂ ಅನ್ನುವುದೇ, ಅದನ್ನು ತಪ್ಪು ಅನ್ನಲಾರೆ. 'ದ್ಯಾನ್ ಐ' ಅಂತ ಒಂಟಿಯಾಗಿ ನಿಲ್ಲಿಸಿದರೆ ಈಗಿನವರಿಗೆ ಗಡುಸಾಗಿ ಕೇಳುತ್ತದೆ. ಆದರೆ ಇಲ್ಲಿ ಇನ್ನೊಂದು ತೊಡಕಿದೆ. 'ಬೆಟರ್ ದ್ಯಾನ್ ಮಿ' ಅಂದರೆ ಗೈಡಿಗೆ ಕಾಡು ನನಗಿಂತ ಚೆನ್ನಾಗಿ ಗೊತ್ತು ಅಂತಲೂ ಆಗುತ್ತದೆ, ಗೈಡಿಗೆ ನಾನು ಗೊತ್ತಿರುವುದಕ್ಕಿಂತ ಕಾಡು ಚೆನ್ನಾಗಿ ಗೊತ್ತು ಅಂತಲೂ ಆಗುತ್ತದೆ. ವರ್ಬ್ ಹಾಕಿಬಿಟ್ಟರೆ ಎರಡನೆಯ ಅರ್ಥ ಹೋಗುತ್ತದೆ, 'ಮಿ' ಬೇಕಾ 'ಐ' ಬೇಕಾ ಅನ್ನುವ ಚರ್ಚೆಯೂ ನಿಲ್ಲುತ್ತದೆ: 'ಯುವರ್ ಗೈಡ್ ನೋಸ್ ದಿ ಫಾರೆಸ್ಟ್ ಬೆಟರ್ ದ್ಯಾನ್ ಐ ಡು.'

ಹೊಸನಗರದವನು

ಕೊಡಚಾದ್ರಿ 1,343 ಮೀಟರ್ ಇದೆ. ಹಾಳೆಯಲ್ಲಿ 'ಬೆಟರ್' ಒಂದೇ ಬರೆದರೆ ಮೊಣಕಾಲು ನೋವಿರುವವರೂ ನಡೆದೇ ಹೊರಡುತ್ತಾರೆ. 'ಮೋರ್ ರಿವಾರ್ಡಿಂಗ್ ಬಟ್ ಮಚ್ ಹಾರ್ಡರ್ ದ್ಯಾನ್ ಗೋಯಿಂಗ್ ಅಪ್ ಬೈ ಜೀಪ್' ಅಂತ ಮಾಡಿ. ಮಳೆಗಾಲದಲ್ಲಿ ಉಂಬಳ (ಜಿಗಣೆ) ಇರುತ್ತದೆ ಅಂತಲೂ ಒಂದು ಸಾಲು ಸೇರಿಸಿ.